ಚಾಲಿಪ್ಪುಳದಲ್ಲಿ ಮಳೆಗಾಲದ ಕಯಾಕಿಂಗ್: ಗಂಗೆಯ ಅನುಭವ ಸಾಕಾ?

ಗಂಗೆದಡ:
ಐದು ವರ್ಷದಿಂದ ಕಯಾಕ್ ಮಾಡುತ್ತಿದ್ದೇನೆ. ಕಲಿತದ್ದು ಋಷಿಕೇಶದಲ್ಲಿ. ಶಿವಪುರಿಯಿಂದ ಕೆಳಗೆ ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್ ಅನ್ನೋ ರಭಸದ ಇಳಿತಗಳೆರಡನ್ನೂ ಎಷ್ಟೋ ಸಲ ಇಳಿದಿದ್ದೇನೆ, ರೋಲ್ (ಮಗುಚಿದ ದೋಣಿಯನ್ನು ಕೂತಲ್ಲೇ ಮತ್ತೆ ನೆಟ್ಟಗೆ ಮಾಡೋದು) ಎರಡೂ ಕಡೆ ಬರುತ್ತದೆ. ಈ ಜುಲೈಯಲ್ಲಿ ಬೆಂಗಳೂರಿನಿಂದ ಮೂವರು ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕೋಡಂಚೇರಿಗೆ ಹೋಗಿ ಚಾಲಿಪ್ಪುಳ ಹೊಳೆ, ಆಮೇಲೆ ಇರುವಂಜಿಪ್ಪುಳ ಹೊಳೆ ಇಳಿಯಬೇಕು ಅಂತಿದ್ದೇವೆ. 2013ರಲ್ಲಿ ಶುರುವಾದ ಮಲಬಾರ್ ರಿವರ್ ಫೆಸ್ಟಿವಲ್ ನಡೆಯೋದು ಅಲ್ಲೇ ಅಲ್ವಾ? ವಿಡಿಯೊದಲ್ಲಿ ಹೊಳೆ ಚಿಕ್ಕದು, ಆದರೆ ಬರೀ ಬಂಡೆ. ಹೋಗಿ ಬಂದವರು ಹೇಳಿ.

ಹರಿಗೋಲು:
ಹೌದು, ಅದೇ ಹೊಳೆಗಳು. ನೀರು ಓದಲು ಕಲಿತದ್ದು ಕೆಲಸಕ್ಕೆ ಬರುತ್ತದೆ. ರೋಲ್ ಮೇಲಿನ ಭರವಸೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಗಂಗೆಯಲ್ಲಿ ಮಗುಚಿದರೆ ಕೆಳಗೆ ಆಳ ಇರುತ್ತದೆ, ಎರಡು ಮೂರು ಸಲ ಪ್ರಯತ್ನಿಸುವಷ್ಟರಲ್ಲಿ ನೀರೇ ನಿಮ್ಮನ್ನು ಮಡುವಿಗೆ ತಂದು ಬಿಡುತ್ತದೆ. ಇಲ್ಲಿ ಮಗುಚಿದ ಕೂಡಲೇ ಹೆಲ್ಮೆಟ್ ಕಲ್ಲಿಗೆ ಬಡಿದ ಸದ್ದು ಕೇಳುತ್ತದೆ.

ಚಾಲಿಪ್ಪುಳದಲ್ಲಿ ಒಂದು ಆಳೆತ್ತರದ ಇಳಿತದಲ್ಲಿ ನಾನು ಬೂಫ್ ಹೊಡೆಯೋದು (ಅಂಚಿನಲ್ಲಿ ದೋಣಿಯ ಮೂತಿ ಎತ್ತಿ ಮಟ್ಟಸವಾಗಿ ಹಾರಿಸೋದು) ಒಂದು ಗಳಿಗೆ ತಡವಾಯಿತು, ಅಷ್ಟೇ. ದೋಣಿಯ ಮೂತಿ ಕೆಳಗೆ ಹೋಗಿ ಎರಡು ಕಲ್ಲಿನ ನಡುವೆ ಕಚ್ಚಿಕೊಂಡಿತು. ನೀರೆಲ್ಲ ಬೆನ್ನ ಮೇಲೆ, ಮುಖದ ಮುಂದೆ ಬೊಗಸೆಯಷ್ಟು ಗಾಳಿ. ದಡದಲ್ಲಿ ಮೊದಲೇ ಹಗ್ಗ ಹಿಡಿದು ನಿಂತಿದ್ದ ಗೆಳೆಯ ಮೊದಲ ಎಸೆತದಲ್ಲೇ ಕೈಗೆ ಸಿಗುವಂತೆ ಎಸೆದ, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಹಾಗಾಗಿ ತಿರುವಿನ ಆಚೆ ಕಾಣದಿದ್ದರೆ ಎಡ್ಡಿ (ಬಂಡೆಯ ಹಿಂದೆ, ದಡದಂಚಿನಲ್ಲಿ ನೀರು ಶಾಂತವಾಗಿ ಹಿಮ್ಮುಖ ಸುತ್ತುವ ಜಾಗ) ಹಿಡಿದು ನಿಲ್ಲಿ, ಇಳಿದು ನಡೆದು ನೋಡಿ, ಮನಸ್ಸಿಗೆ ಸರಿ ಅನ್ನಿಸದಿದ್ದರೆ ದೋಣಿ ಹೆಗಲಿಗೆ ಹಾಕಿಕೊಂಡು ದಾಟಿ. ಬಂಡೆಗೆ ಅಡ್ಡಲಾಗಿ ಹೋದರೆ ಬಂಡೆಯನ್ನೇ ತಬ್ಬಿಕೊಳ್ಳಿ. ಹೆದರಿ ಈಚೆ ವಾಲಿದರೆ ಮೇಲಿಂದ ಬರುವ ನೀರು ಅಂಚು ಹಿಡಿದು ಮಗುಚಿಬಿಡುತ್ತದೆ. ಕಲ್ಲುಗಳ ಸಂದಿಯಲ್ಲಿ ನೀರು ಸದ್ದಿಲ್ಲದೆ ಮಾಯವಾಗುವ ಕಡೆ ಹತ್ತಿರವೂ ಸುಳಿಯಬೇಡಿ, ನೊರೆ ಎದ್ದ ಜಾಗಕ್ಕಿಂತ ಅದೇ ಜಾಸ್ತಿ ಅಪಾಯ.

ತುಂಗಾತೀರ:
ಮೇಲಿನದೆಲ್ಲ ಸರಿ, ಮಳೆಯ ಮಾತು ಬಿಟ್ಟುಹೋಗಿದೆ. ಈ ಹೊಳೆಗಳು ಘಟ್ಟದಿಂದ ನೇರ ಇಳಿದು ಬರುತ್ತವೆ. ಕೆಳಗೆ ಬಿಸಿಲಿದ್ದರೂ ಮೇಲೆ ಕಾಡಿನಲ್ಲಿ ಮಳೆ ಹೊಡೆದಿರುತ್ತದೆ. ನಾನು ದೋಣಿ ಇಳಿಸುವ ಮುಂಚೆ ನೀರಂಚಿನ ಒಂದು ಕಲ್ಲಿಗೆ ಗುರುತು ಹಾಕಿ, ಸುಮ್ನೆ ಅರ್ಧ ಗಂಟೆ ಕೂತು ನೋಡುತ್ತೇನೆ. ತಿಳಿ ನೀರು ಚಹಾ ಬಣ್ಣಕ್ಕೆ ತಿರುಗಿ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ ಅವತ್ತಿಗೆ ಅಷ್ಟೇ. ದಡದ ಊರಿನವರು ಬೇಡ ಅಂದರೆ ವಾದ ಮಾಡದೆ ಕೇಳಿ.

ಕೈಕಾಲಿನ ಗಾಯ ಇದ್ದರೆ ಇಳಿಯಬೇಡಿ, ಮಳೆಗಾಲದಲ್ಲಿ ಅಲ್ಲಿ ಇಲಿಜ್ವರ ಇರುತ್ತದೆ. ವಾಪಸ್ ಬಂದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ಹೊಳೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ.

ಗಂಗೆದಡ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮೂವರೂ ಒಟ್ಟಿಗೆ ಇಳಿಯೋದಾ, ಒಬ್ಬರು ದಡದಲ್ಲಿರೋದಾ?

ಹರಿಗೋಲು:
ದೊಡ್ಡ ಇಳಿತಗಳಲ್ಲಿ ಒಬ್ಬೊಬ್ಬರಾಗಿ. ಒಬ್ಬರು ಕೆಳಗೆ ಹಗ್ಗದ ಜೊತೆ, ಇನ್ನೊಬ್ಬರು ಮೇಲೆ ಸನ್ನೆ ಮಾಡಲು. ಹುಟ್ಟು ನೆಟ್ಟಗೆ ಎತ್ತಿದರೆ ಬಾ, ಅಡ್ಡ ಹಿಡಿದರೆ ನಿಲ್ಲು. ಹಗ್ಗ ಎಸೆಯೋದನ್ನು ಹೋಗುವ ಮುಂಚೆ ಮೂವರೂ ನೀರಿನಲ್ಲೇ ಅಭ್ಯಾಸ ಮಾಡಿ. ಗುಂಡ್ಲುಪೇಟೆ ದಾರಿಯಾದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ, ಹಗಲಲ್ಲೇ ದಾಟಿ. ನಿದ್ದೆಗೆಟ್ಟು ಆ ನೀರಿಗೆ ಇಳಿಯಬೇಡಿ.