ಸಮಸ್ಯಾಪೂರಣ: ಉಂಡವನು ಹಸಿದವನ ಕೊಂದುದು ಪುಣ್ಯವೀ ಜಗಕೆ

ಸಮಸ್ಯೆ ಕೊಟ್ಟವರು:
ಸಾಲು ಮೇಲಿದೆ, ಭಾಮಿನಿ ಷಟ್ಪದಿಯ ಕೊನೆಯ ಪಾದ. ಅದಕ್ಕೆ ಅರ್ಥ ಕೂಡುವಂತೆ ಉಳಿದ ಐದು ಪಾದ ನೀವು ಕಟ್ಟಬೇಕು. ಹೊಟ್ಟೆ ತುಂಬಿದವನು ಹಸಿದವನನ್ನು ಕೊಂದರೆ ಪುಣ್ಯ ಹೇಗಾದೀತು? ವಸ್ತು ರಾಕ್ಷಸವಧೆ. ‘ಂಡ’ ಪ್ರಾಸ ತಪ್ಪಬಾರದು, ಮಾತ್ರೆ ಎಣಿಸಿಯೇ ಕಳುಹಿಸಿ.

ಗದುಗಿನ ಓದುಗ:
ಏಕಚಕ್ರಪುರವಿರುವಾಗ ಬೇರೆ ಊರೇಕೆ?

ಬಂಡಿಯನ್ನವ ಭೀಮನುಣುತಿರೆ
ಕಂಡು ಕೆರಳಿದ ಬಕನ ಗುದ್ದಿಗೆ
ಮಂಡೆಯೆತ್ತದೆ ತುತ್ತನೆತ್ತಿದನುಳಿದ ಕೂಳಿಂದ
ಉಂಡು ಕೈತೊಳೆದೆದ್ದು ಖಳನನು
ದಿಂಡುಗೆಡಹಲು ನಲಿದುದಾ ಪುರ
ಉಂಡವನು ಹಸಿದವನ ಕೊಂದುದು ಪುಣ್ಯವೀ ಜಗಕೆ

ವ್ಯಾಸಭಾರತದಲ್ಲೂ ಹೀಗೆಯೇ. ಬೆನ್ನಿಗೆ ಏಟು ಬೀಳುತ್ತಿದ್ದರೂ ಭೀಮ ತಿರುಗಿ ನೋಡುವುದಿಲ್ಲ.

ಬಾದಾಮಿಯವ:
ಅಗಸ್ತ್ಯರು ವಾತಾಪಿಯನ್ನು ಜೀರ್ಣಿಸಿಕೊಂಡ ಕಥೆ ನಡೆಯದೇ?

ಸಮಸ್ಯೆ ಕೊಟ್ಟವರು:
ನಡೆಯದು. ಅಲ್ಲಿ ಸತ್ತವನು ಹಸಿದವನಲ್ಲ, ಊಟವೇ ಅವನು!

ಷಟ್ಪದಿಪ್ರಿಯೆ:
ಭೀಮ ಎಲ್ಲರಿಗೂ ಹೊಳೆಯುತ್ತಾನೆ. ನಾನು ಡೇನರ ನಾಡಿಗೆ ಹೋಗಿದ್ದೇನೆ. ಹಳೆಯ ಇಂಗ್ಲಿಷಿನ ‘ಬೆಯೊವುಲ್ಫ್’ ಕಾವ್ಯದಲ್ಲಿ ದೊರೆ ಹ್ರೋಥ್‌ಗಾರನ ಸಭಾಮಂದಿರವನ್ನು ಗ್ರೆಂಡಲ್ ಎಂಬ ನರಭಕ್ಷಕ ರಾಕ್ಷಸ 12 ವರ್ಷ ಕಾಡುತ್ತಾನೆ. ಅವನನ್ನು ಎದುರಿಸಲು ಅತಿಥಿಯಾಗಿ ಬರುವ ವೀರನೇ ಬೆಯೊವುಲ್ಫ್. ಖಳನ ಹೆಸರಿನಲ್ಲೇ ಪ್ರಾಸ ಕುಳಿತಿರುವಾಗ ಬಿಡಲಾದೀತೇ?

ದಂಡಿಗೌತಣವಿತ್ತನರಸನು
ಕಂಡೆಯವ ಬದಿಗಿಟ್ಟನತಿಥಿಯು
ಗ್ರೆಂಡಲನು ನಡುವಿರುಳು ಹಸಿಯುತ ಬಂದು ಕದ ಮುರಿದ
ಗುಂಡಿಗೆಯ ಬೆಯೊವುಲ್ಫ ಹಿಡಿದನು
ತುಂಡರಿಸಿದನು ತೋಳ ಬುಡದಲಿ
ಉಂಡವನು ಹಸಿದವನ ಕೊಂದುದು ಪುಣ್ಯವೀ ಜಗಕೆ

ಗದುಗಿನ ಓದುಗ:
ಸೊಗಸು! ಆದರೆ ಎರಡು ತಕರಾರು. ‘ತುಂಡರಿಸಿದನು’ ಎಂದರೆ ಕತ್ತಿಯ ಕೆಲಸ ಎನಿಸುತ್ತದೆ. ಗ್ರೆಂಡಲ್ ಆಯುಧ ಬಳಸುವವನಲ್ಲ, ಆದ್ದರಿಂದ ತನಗೂ ಬೇಡವೆಂದು ಬೆಯೊವುಲ್ಫ್ ಬರಿಗೈಯಲ್ಲೇ ಹಿಡಿದ. ತಪ್ಪಿಸಿಕೊಳ್ಳುವ ಎಳೆದಾಟದಲ್ಲಿ ತೋಳು ಭುಜದಿಂದ ಕಿತ್ತು ಬಂತು. ‘ತುಂಡು ತೋಳನು ಬಿಟ್ಟನಸುರನು’ ಎಂದರೆ ಮಾತ್ರೆಯೂ ಕೂಡುತ್ತದೆ, ಕಥೆಯೂ ಉಳಿಯುತ್ತದೆ. ಎರಡನೆಯದು, ಬೆಯೊವುಲ್ಫನ ಕೈಗೆ ಸಿಗುವ ಮೊದಲೇ ಗ್ರೆಂಡಲ್ ಅಲ್ಲಿ ಮಲಗಿದ್ದ ಒಬ್ಬ ಯೋಧನನ್ನು ತಿಂದು ಮುಗಿಸಿದ್ದ. ಹಸಿದವನು ಹೇಗಾದ?

ಷಟ್ಪದಿಪ್ರಿಯೆ:
ಮೊದಲ ದಾಳಿಯಲ್ಲೇ 30 ಜನರನ್ನು ಹೊತ್ತೊಯ್ದವನಿಗೆ ಒಬ್ಬ ಯಾವ ಲೆಕ್ಕ? ನಿಮ್ಮ ತೋಳಿನ ಸಾಲು ಮಾತ್ರ ನನ್ನದಕ್ಕಿಂತ ಚೆನ್ನಾಗಿದೆ, ತೆಗೆದುಕೊಂಡೆ. ಇನ್ನೊಂದು ವಿಷಯ: ಮರುದಿನ ಬೆಳಿಗ್ಗೆ ಗ್ರೆಂಡಲನ ರಕ್ತದ ಜಾಡು ಹಿಡಿದು ಮಡುವಿನವರೆಗೆ ಹೋದವರು ಕುದುರೆಯೇರಿ ಮರಳುವಾಗ, ದೊರೆಯ ಕಡೆಯ ಒಬ್ಬ ಕವಿ ದಾರಿಯಲ್ಲೇ ಈ ಸಾಹಸದ ಮೇಲೆ ಪದ್ಯ ಕಟ್ಟುತ್ತಾನೆ. ನಾವು ವಾರ ತೆಗೆದುಕೊಳ್ಳುತ್ತೇವೆ!

ಬಾದಾಮಿಯವ:
‘ಪುಣ್ಯವೀ ಜಗಕೆ’ ಎಂಬುದೇ ಅಲ್ಲಿ ನಿಲ್ಲುವುದಿಲ್ಲವಲ್ಲ. ಮುಂದಿನ ರಾತ್ರಿ ಗ್ರೆಂಡಲನ ತಾಯಿ ಸೇಡಿಗೆ ಬಂದು ದೊರೆಯ ಆಪ್ತ ಸಲಹೆಗಾರನನ್ನೇ ಕೊಂದಳು. ಬಕನ ಬಂಧುಗಳಾದರೋ ಭೀಮನಿಗೆ ಹೆದರಿ, ಇನ್ನು ಮನುಷ್ಯರ ತಂಟೆಗೆ ಬರುವುದಿಲ್ಲವೆಂದು ಮಾತುಕೊಟ್ಟರು.

ಸಮಸ್ಯೆ ಕೊಟ್ಟವರು:
ಹಾಗಾದರೆ ಅರ್ಥಕ್ಕೆ ಬಕನ ಪದ್ಯ ಮೇಲು. ಪ್ರಾಸದ ಬಹುಮಾನ ಮಾತ್ರ ಗ್ರೆಂಡಲನಿಗೇ.