1968ರ ಅಂಬಾಸಿಡರ್: ಬಾಗಿಲಿನ ಗಾಜು ಅರ್ಧದಲ್ಲೇ ವಾಲುತ್ತದೆ, ರೆಗ್ಯುಲೇಟರ್ ಬದಲಿಸಬೇಕೇ?

ಪ್ರಶ್ನೆ (ತುಮಕೂರು)

ನಮ್ಮ ಮನೆಯ 1968ರ ಅಂಬಾಸಿಡರ್ ಮಾರ್ಕ್ 2 ಕಾರಿಗೆ ಹೊಸದಾಗಿ ಬಣ್ಣ ಹಾಕಿಸಿ, ಈಗ ಬಾಗಿಲುಗಳ ಗಾಜು ಮತ್ತು ಅದನ್ನು ಏರಿಸಿ ಇಳಿಸುವ ಹಲ್ಲುಚಕ್ರದ ಸಾಧನಗಳಾದ ರೆಗ್ಯುಲೇಟರ್‌ಗಳನ್ನು ಮರಳಿ ಕೂರಿಸುತ್ತಿದ್ದೇನೆ. ಚಾಲಕನ ಬಾಗಿಲಿನ ಗಾಜು ಅರ್ಧದವರೆಗೆ ಸರಾಗವಾಗಿ ಏರುತ್ತದೆ. ಆಮೇಲೆ ಅದರ ಮುಂದಿನ ಮೂಲೆ ಮೇಲಕ್ಕೆ ವಾಲಿ ಅಲ್ಲೇ ನಿಂತುಬಿಡುತ್ತದೆ. ಹ್ಯಾಂಡಲ್ಲನ್ನು ಬಲವಾಗಿ ತಿರುಗಿಸಿದರೆ ಒಳಗೆ ಹಲ್ಲು ಜಾರಿದಂತೆ ಸದ್ದಾಗುತ್ತದೆ. ಹಾಗಾದರೆ ರೆಗ್ಯುಲೇಟರನ್ನೇ ಬದಲಿಸಬೇಕೇ? ಇನ್ನೊಂದು ಸಂಗತಿಯೆಂದರೆ, ಎಡಗಡೆಯ ಹಿಂದಿನ ಬಾಗಿಲಿನ ಗಾಜಿನಲ್ಲಿ ಅಂಚಿನಿಂದ ಉದ್ದಕ್ಕೆ ಬಿರುಕು ಬಿಟ್ಟಿದೆ. ಕಿಟಕಿ ಗಾಜು ಮಾರುವ ಅಂಗಡಿಯೊಂದರಲ್ಲಿ ಸಾದಾ ಗಾಜನ್ನೇ ಅಳತೆಗೆ ಕತ್ತರಿಸಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಅದನ್ನು ಹಾಕಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ (ಕೋಲಾರ)

ರೆಗ್ಯುಲೇಟರ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ರೆಗ್ಯುಲೇಟರ್ ಗಾಜನ್ನು ಎತ್ತುತ್ತದೆಯೇ ಹೊರತು ಅದನ್ನು ನೇರವಾಗಿ ನಡೆಸುವುದಿಲ್ಲ. ನೇರವಾಗಿ ನಡೆಸುವ ಕೆಲಸ ಮುಂದೆ ಮತ್ತು ಹಿಂದೆ ಇರುವ, ಒಳಗೆ ಮೆತ್ತನೆಯ ಬಟ್ಟೆಪಟ್ಟಿ ಹೊದಿಸಿದ ತೋಡುಗಳ, ಅಂದರೆ ಫೆಲ್ಟ್ ಚಾನೆಲ್‌ಗಳದ್ದು. ಆ ಎರಡು ಚಾನೆಲ್‌ಗಳು ಸಮಾನಾಂತರವಾಗಿಲ್ಲದೆ ಮೇಲೆ ಹೋದಂತೆ ಹತ್ತಿರವಾದರೆ ಗಾಜು ಹಿಡಿದುಕೊಳ್ಳುತ್ತದೆ, ದೂರವಾದರೆ ಒಂದು ಕಡೆಗೆ ವಾಲುತ್ತದೆ. ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದಾಗ ಅದು ಓರೆಯಾಗಿ ಸಿಕ್ಕಿಕೊಳ್ಳುವ ಹಾಗೆಯೇ ಇದು.

ಪರೀಕ್ಷೆ ಸುಲಭ. ರೆಗ್ಯುಲೇಟರ್ ತೋಳಿನ ತುದಿಯ ರೋಲರನ್ನು ಗಾಜಿನ ತಳದ ಲೋಹದ ಚಾನೆಲ್‌ನಿಂದ ಬಿಡಿಸಿ, ಗಾಜನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಸರಿಸಿ ನೋಡಿ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಅಲುಗಾಡುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಕೈಯಿಂದ ಸರಾಗವಾಗಿ ಓಡದ ಗಾಜನ್ನು ಯಾವ ಹೊಸ ರೆಗ್ಯುಲೇಟರೂ ಓಡಿಸಲಾರದು. ಬಲವಂತ ಮಾಡಿದರೆ ಹಲ್ಲುಗಳು ಸವೆಯುತ್ತವೆ. ನೀವು ಕೇಳಿದ ಸದ್ದು ಅದೇ ಇರಬೇಕು, ಆದ್ದರಿಂದ ಇನ್ನು ಮುಂದೆ ಹ್ಯಾಂಡಲ್ ಮೇಲೆ ಬಲ ಹಾಕಬೇಡಿ.

ನಿಮ್ಮ ಕಾರಿನ ಮುಂದಿನ ಬಾಗಿಲಲ್ಲಿ ತಿರುಗುವ ಸಣ್ಣ ಗಾಜಿದೆಯಲ್ಲವೇ, ಅದರ ಹಿಂಬದಿಯ ಕಂಬವೇ ದೊಡ್ಡ ಗಾಜಿಗೆ ಮುಂದಿನ ಚಾನೆಲ್. ಮೊದಲು ಅನುಮಾನಿಸಬೇಕಾದದ್ದು ಆ ಕಂಬವನ್ನೇ. ಬಣ್ಣಕ್ಕಾಗಿ ಬಿಚ್ಚಿದ ಮೇಲೆ ಅದು ಮೊದಲಿನ ಜಾಗಕ್ಕೆ ಕೂರುವುದು ಅಪರೂಪ. ಕೆಳತುದಿಯನ್ನು ಹಿಡಿದಿರುವ ಬೋಲ್ಟ್ ಸಡಿಲಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ, ಗಾಜಿನ ಅಂಚು ಕೇಳುವ ಜಾಗಕ್ಕೆ ಕಂಬವನ್ನು ತಂದು ಬಿಗಿಮಾಡಿ. ಹೊಸ ಫೆಲ್ಟ್ ಹಾಕಿದ್ದರೆ ಅದರ ದಪ್ಪವನ್ನೂ ನೋಡಿ, ಏಕೆಂದರೆ ಬಣ್ಣದ ಹೊಸ ಪದರಗಳ ಮೇಲೆ ದಪ್ಪ ಫೆಲ್ಟ್ ಕೂತಾಗ ಗಾಜಿಗೆ ಜಾಗವೇ ಉಳಿಯುವುದಿಲ್ಲ. ಫೆಲ್ಟಿಗೆ ಗ್ರೀಸ್ ಅಥವಾ ಎಣ್ಣೆ ಹಚ್ಚಬೇಡಿ. ನಮ್ಮ ಕಡೆಯ ಕೆಂಪು ಧೂಳು ಅದಕ್ಕೆ ಅಂಟಿಕೊಂಡು ಉಪ್ಪುಕಾಗದದಂತಾಗಿ ಗಾಜಿನ ಮೇಲೆ ಉದ್ದುದ್ದ ಗೀರು ಬೀಳುತ್ತದೆ. ಗ್ರೀಸ್ ಬೇಕಾದದ್ದು ರೋಲರ್ ಓಡುವ ಜಾಗಕ್ಕೆ ಮತ್ತು ಹಲ್ಲುಗಳಿಗೆ ಮಾತ್ರ.

ಉತ್ತರ (ಚಿಕ್ಕಬಳ್ಳಾಪುರ)

ಗಾಜಿನ ವಿಷಯಕ್ಕೆ ಬರುತ್ತೇನೆ. ಉದ್ದಕ್ಕೆ ಬಿರುಕು ಬಿಟ್ಟೂ ಒಂದೇ ತುಂಡಾಗಿ ನಿಂತಿದೆ ಎಂದರೆ ಅದು ಟಫನ್ಡ್ (ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಿದ) ಗಾಜಲ್ಲ; ಟಫನ್ಡ್ ಆಗಿದ್ದರೆ ಬಿರುಕು ಒಳಹೊಕ್ಕ ಕ್ಷಣದಲ್ಲೇ ಸಣ್ಣ ಸಣ್ಣ ಹರಳುಗಳಾಗಿ ಉದುರಿಬಿಡುತ್ತಿತ್ತು. ಗಾಜಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಪದರಗಳ ನಡುವೆ ತೆಳುವಾದ ಗೆರೆ ಕಂಡರೆ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಎರಡು ಗಾಜು ಅಂಟಿಸಿದ್ದು), ಕಾಣದಿದ್ದರೆ ಹಿಂದೆ ಯಾರೋ ಸಾದಾ ಗಾಜು ಹಾಕಿಸಿದ್ದಾರೆ ಎಂದೇ ಅರ್ಥ.

ಸಾದಾ ಗಾಜನ್ನು ದಯವಿಟ್ಟು ಹಾಕಿಸಬೇಡಿ. ಅದು ಒಡೆದರೆ ಕತ್ತಿಯಂಥ ಚೂರುಗಳಾಗುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವೂ ಸುರಕ್ಷತಾ ಗಾಜನ್ನೇ ಕೇಳುತ್ತದೆ. ಅದೇ ನಿಯಮದ ಪ್ರಕಾರ ಪಕ್ಕದ ಗಾಜುಗಳ ಮೂಲಕ ಕನಿಷ್ಠ 50 ಶೇಕಡಾ ಬೆಳಕು ಹಾಯಬೇಕು. ಟಫನ್ಡ್ ಗಾಜನ್ನು ಕುಲುಮೆಯಿಂದ ಬಂದ ಮೇಲೆ ಕತ್ತರಿಸಲಾಗದು, ರಂಧ್ರ ಕೊರೆಯಲಾಗದು, ಹೀಗಾಗಿ ಅಚ್ಚು ಮೊದಲೇ ಕರಾರುವಾಕ್ಕಾಗಿರಬೇಕು. ಬಲಗಡೆಯ ಹಿಂಬಾಗಿಲಿನ ಗಾಜು ಚೆನ್ನಾಗಿದ್ದರೆ ಅದನ್ನು ತೆಗೆದು ತೆಳುವಾದ ಪ್ಲೈವುಡ್ ಮೇಲೆ ಗೆರೆ ಎಳೆದು ಕತ್ತರಿಸಿ. ಗಾಜು ಸಪಾಟಾಗಿದ್ದರೆ ಅಚ್ಚನ್ನು ಮಗುಚಿ ಹಾಕಿದಾಗ ಎಡಗಡೆಗೂ ಹೊಂದುತ್ತದೆ. ಒಂದೇ ಗಾಜಿಗಾಗಿ ಟಫನ್ಡ್ ಮಾಡಿಕೊಡುವವರು ಸಿಗದಿದ್ದರೆ ಲ್ಯಾಮಿನೇಟೆಡ್ ಹಾಳೆಯಿಂದ ಕತ್ತರಿಸಬಹುದು, ಆದರೆ ಹಳೆಯ ಗಾಜಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡೇ ಹೋಗಿ. ದಪ್ಪ ಹೆಚ್ಚಾದರೆ ಮತ್ತೆ ಚಾನೆಲ್ ಬಿಗಿಯಾಗುವ ತೊಂದರೆಯೇ ಎದುರಾಗುತ್ತದೆ.

ಪ್ರಶ್ನೆ ಕೇಳಿದವರು (ತುಮಕೂರು)

ಇಬ್ಬರಿಗೂ ಧನ್ಯವಾದಗಳು. ರೋಲರ್ ಬಿಡಿಸಿ ನೋಡಿದೆ. ಗಾಜು ಮೇಲ್ಭಾಗದಲ್ಲಿ ಹಿಂದೆ ಮುಂದೆ ಚೆನ್ನಾಗಿಯೇ ಅಲುಗುತ್ತಿತ್ತು, ಕಂಬವನ್ನು ಸರಿಸಿದ ಮೇಲೆ ಕೈಯಲ್ಲಿ ನೇರವಾಗಿ ಓಡುತ್ತಿದೆ. ಆದರೆ ರೋಲರ್ ಸೇರಿಸಿದಾಗ ಈಗಲೂ ಸ್ವಲ್ಪ ವಾಲುತ್ತದೆ. ತಳದ ಚಾನೆಲ್ ಬಿಚ್ಚಿ ಬಂದಿದ್ದರಿಂದ ಅದನ್ನು ಸಿಲಿಕೋನ್‌ನಲ್ಲಿ ಅಂಟಿಸಲಾಗಿದೆ.

ಉತ್ತರ (ಕೋಲಾರ)

ಹಾಗಾದರೆ ಉಳಿದ ದೋಷ ಆ ತಳದ ಚಾನೆಲ್‌ನಲ್ಲಿದೆ. ಅದು ಗಾಜಿನ ಅಂಚಿನಿಂದ ಎಷ್ಟು ದೂರದಲ್ಲಿ ಶುರುವಾಗುತ್ತದೆ ಎಂಬುದನ್ನು ಮುಂದಿನ ಎಡಬಾಗಿಲಿನ ಗಾಜಿನಲ್ಲಿ ಅಳೆದು ಹೋಲಿಸಿ. ಚಾನೆಲ್ ಸರಿದಿದ್ದರೆ ತೋಳು ಎತ್ತುವ ಜಾಗ ಗಾಜಿನ ತೂಕದ ನಡುವಿನಿಂದ ತಪ್ಪುತ್ತದೆ. ಸಿಲಿಕೋನ್ ಕೆರೆದು ತೆಗೆಯಿರಿ. ಹುಳಿ ವಾಸನೆಯ ಸಿಲಿಕೋನ್ ಆಗಿದ್ದರೆ ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಸರಿಯಾದ ದಪ್ಪದ ರಬ್ಬರ್ ಪಟ್ಟಿಯನ್ನು ಗಾಜಿನ ಅಂಚಿಗೆ ಮಡಚಿ, ಸಾಬೂನು ನೀರು ಸವರಿ, ಚಾನೆಲ್ ಮೇಲೆ ಮರದ ತುಂಡಿಟ್ಟು ಒಂದು ತುದಿಯಿಂದ ಹಗುರವಾಗಿ ತಟ್ಟುತ್ತಾ ಬನ್ನಿ. ಬಳಿಕ ರೆಗ್ಯುಲೇಟರ್ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟು ಗಾಜನ್ನು ಪೂರ್ತಿ ಮೇಲೇರಿಸಿ, ಆ ಸ್ಥಿತಿಯಲ್ಲಿ ಬಿಗಿಮಾಡಿ.

ರೆಗ್ಯುಲೇಟರಿನ ಸುರುಳಿ ಸ್ಪ್ರಿಂಗನ್ನು ಮಾತ್ರ ಬಿಚ್ಚಲು ಹೋಗಬೇಡಿ. ಹಲ್ಲಿನ ಫಲಕವನ್ನು ಕ್ಲಾಂಪ್ ಮಾಡದೆ ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ತೆಗೆದರೆ ತೋಳು ಬೆರಳು ಮುರಿಯುವಷ್ಟು ರಭಸದಿಂದ ತಿರುಗುತ್ತದೆ.

ಉತ್ತರ (ಚಿಕ್ಕಬಳ್ಳಾಪುರ)

ಬಾಗಿಲಿನ ಒಳಬದಿಯ ಪ್ಯಾಡ್ ಮುಚ್ಚುವ ಮೊದಲು ಬಾಗಿಲಿನ ತಳದ ನೀರಿನ ರಂಧ್ರಗಳು ಬಣ್ಣದಿಂದ ಮುಚ್ಚಿಹೋಗಿವೆಯೇ ಎಂದು ತಂತಿ ತೂರಿಸಿ ನೋಡಿ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಅದಕ್ಕೆ ಹೊರಹೋಗುವ ದಾರಿ ಬೇಕು. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸುವಾಗ ಅದರ ಕೆಳಅಂಚು ಬಾಗಿಲಿನ ಒಳಕ್ಕೆ ಇಳಿಬಿದ್ದಿರಲಿ.