ಮಲ್ಲೇಶ್ವರದ ಹಳೆಯ ಮನೆ ಬಿಲ್ಡರ್ ಪಾಲಾಗುತ್ತಿದೆ: ಮುಂಗಡ ಕೈಸೇರುವ ಮೊದಲೇ ಬೀಗದ ಕೈ ಕೊಡಬೇಕೆ?

ಪ್ರಶ್ನೆ:

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ, ಹೆಂಚಿನ ಮನೆಯ ಹಿತ್ತಿಲಿಗೆ ಹೊಂದಿಕೊಂಡ ಎರಡು ಕೋಣೆಗಳಲ್ಲಿ ನಾನೂ ನನ್ನ ತಾಯಿಯೂ ಹದಿನಾಲ್ಕು ವರ್ಷಗಳಿಂದ ಬಾಡಿಗೆಗಿದ್ದೇವೆ. ಮನೆಯೊಡತಿಯಾಗಿದ್ದ ಅಜ್ಜಿ ಕಳೆದ ವರ್ಷ ತೀರಿಕೊಂಡರು. ವಿದೇಶದಲ್ಲಿ ನೆಲೆಸಿರುವ ಅವರ ಇಬ್ಬರು ಮಕ್ಕಳು ನಿವೇಶನವನ್ನು ಜಂಟಿ ಅಭಿವೃದ್ಧಿಗೆ (ಬಿಲ್ಡರ್ ಕಟ್ಟಡ ಕಟ್ಟಿ ಮಾಲೀಕರೊಡನೆ ಹಂಚಿಕೊಳ್ಳುವ ಏರ್ಪಾಡು) ಕೊಟ್ಟಿದ್ದು, ಒಂದು ತಿಂಗಳೊಳಗೆ ಖಾಲಿ ಮಾಡಬೇಕೆಂದು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ್ದಾರೆ. ಸೇರುವಾಗ 7,000 ರೂಪಾಯಿ ಇದ್ದ ಬಾಡಿಗೆ ಈಗ 13,000 ಆಗಿದೆ. ಅಂದು ಕೊಟ್ಟ ಹತ್ತು ತಿಂಗಳ ಮುಂಗಡ 70,000 ರೂಪಾಯಿ ಅವರಲ್ಲೇ ಇದೆ. ಅದನ್ನು ಕೆಲಸ ಶುರುವಾದ ಮೇಲೆ ಕೊಡುವುದಾಗಿ ಹೇಳುತ್ತಾರೆ. ಆಸುಪಾಸಿನಲ್ಲಿ ನಾವು ನೋಡಿದ ಮನೆಗಳಿಗೆ 28,000 ಬಾಡಿಗೆ, 2,80,000 ಮುಂಗಡ ಕೇಳುತ್ತಿದ್ದಾರೆ. ಹನ್ನೊಂದು ತಿಂಗಳ ಕರಾರನ್ನು ಕೊನೆಯ ಸಲ ನವೀಕರಿಸಿದ್ದು 2019ರಲ್ಲಿ. ಇಷ್ಟು ವರ್ಷ ಇದ್ದುದರಿಂದ ನಮಗೇನಾದರೂ ಹಕ್ಕು ಬಂದಿದೆಯೇ?

ಮೊದಲ ಉತ್ತರ:

ವರ್ಷಗಳ ಲೆಕ್ಕದಿಂದ ಹಕ್ಕು ಹುಟ್ಟುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಸಿಗದು. ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತ ಬಂದಿರುವುದರಿಂದ ನಿಮ್ಮದು ಈಗ ತಿಂಗಳ ಬಾಡಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದನ್ನು ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಕೊನೆಗೊಳಿಸಬಹುದು. ಆದರೆ ನೋಟಿಸು ಕೊಟ್ಟ ಮಾತ್ರಕ್ಕೆ ಬೀಗ ಒಡೆಯುವ, ನೀರು ಕರೆಂಟು ಕಡಿಯುವ ಅಧಿಕಾರ ಅವರಿಗಾಗಲಿ ಬಿಲ್ಡರಿಗಾಗಲಿ ಬಾರದು. ನೀವು ಒಪ್ಪದಿದ್ದರೆ ಅವರು ನ್ಯಾಯಾಲಯಕ್ಕೇ ಹೋಗಬೇಕು. ಆ ವಿಳಂಬ ಅವರಿಗೆ ದುಬಾರಿ. ನಿಮ್ಮ ಬಲವಿರುವುದು ಅಷ್ಟರಲ್ಲೇ. ಅದನ್ನು ಮುಂಗಡ ವಾಪಸು ಪಡೆಯಲು ಬಳಸಿ, ಮನೆ ಉಳಿಸಿಕೊಳ್ಳಲು ಅಲ್ಲ.

ಎರಡನೆಯ ಉತ್ತರ:

ನಾನು ಇದೇ ಬಡಾವಣೆಯಲ್ಲಿ ಮನೆಯುಳ್ಳವನು. ಮಾಲೀಕರ ಪರ ಎಂದು ತಿಳಿದರೂ ಅಡ್ಡಿಯಿಲ್ಲ. ಗಾಳಿ ಬೆಳಕಿಗೆಂದು ವಿಶಾಲವಾಗಿ ರೂಪಿಸಿದ, 1898ರ ಪ್ಲೇಗಿನ ಬಳಿಕ ಬೆಳೆದ ಬಡಾವಣೆಯಿದು. ಮುಂದೆ ಆ ಹಿತ್ತಿಲುಗಳಲ್ಲೇ ವಠಾರಗಳೂ ಬಾಡಿಗೆ ಕೋಣೆಗಳೂ ಎದ್ದವು. ಇಂದು ಬಿಲ್ಡರುಗಳನ್ನು ಸೆಳೆಯುತ್ತಿರುವುದೂ ಅದೇ ಅಗಲ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂದ ಮೇಲಂತೂ ನನ್ನ ಬಾಗಿಲು ತಟ್ಟದ ದಲ್ಲಾಳಿಯಿಲ್ಲ. ಹೆಂಚು ಕೈಯಾಡಿಸುವವರು ಸಿಗದ ಕಾಲದಲ್ಲಿ, 13,000 ಬಾಡಿಗೆಯಿಂದ ಹಳೆಯ ಮನೆಯ ಸೋರಿಕೆ ನಿಲ್ಲಿಸುವುದೂ ಕಷ್ಟ. ಆದರೂ ಮುಂಗಡ ಎಂಬುದು ಬಾಡಿಗೆದಾರರ ಹಣ. ತಾಯಿಯ ಆಸ್ತಿ ಪಡೆದ ಮಕ್ಕಳು ಆ ಬಾಕಿಯನ್ನೂ ಹೊರಲೇಬೇಕು. ಕೆಲಸ ಶುರುವಾದ ಮೇಲೆ ಕೊಡುತ್ತೇವೆ ಎನ್ನುವುದು ಸರಿಯಲ್ಲ.

ಮೂರನೆಯ ಉತ್ತರ:

ಸುಲಭದ ದಾರಿಯೆಂದರೆ ಬಾಡಿಗೆಯನ್ನು ಮುಂಗಡದಲ್ಲೇ ಮುರಿದುಕೊಳ್ಳುವುದು. ನೀವೇ ಏಕಪಕ್ಷೀಯವಾಗಿ ಬಾಡಿಗೆ ನಿಲ್ಲಿಸಿದರೆ ಬಾಕಿದಾರರೆಂಬ ಹೆಸರು ಬರುತ್ತದೆ. ಆದ್ದರಿಂದ ಮೂರು ತಿಂಗಳು ಕಾಲಾವಕಾಶ ಕೇಳಿ, ಆ ಬಾಡಿಗೆ 39,000 ರೂಪಾಯಿಯನ್ನು ಮುಂಗಡದಲ್ಲಿ ಕಳೆದು, ಉಳಿದ 31,000 ಖಾತೆಗೆ ಬಂದ ದಿನವೇ ಬೀಗದ ಕೈ ಕೊಡುವುದಾಗಿ ಬರೆಸಿಕೊಳ್ಳಿ. ಒಡೆಯುವ ಮನೆಗೆ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವವರೂ ಇದ್ದಾರೆ; ಅದಕ್ಕೆ ಒಪ್ಪಬೇಡಿ. ಇನ್ನೊಂದು ಮಾತು: ಮಾಲೀಕರು ಅನಿವಾಸಿಗಳಾದರೆ ಬಾಡಿಗೆ ಕೊಡುವಾಗಲೇ ಅದರಲ್ಲಿ ಆದಾಯ ತೆರಿಗೆ ಕಡಿದು (ಟಿಡಿಎಸ್) ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರ ಮೇಲೆ ಬೀಳುತ್ತದೆ. ಅಜ್ಜಿ ತೀರಿಕೊಂಡ ನಂತರ ಹಣ ಯಾರ ಖಾತೆಗೆ ಹೋಗಿದೆಯೆಂದು ನೋಡಿ, ಲೆಕ್ಕಪರಿಶೋಧಕರನ್ನು ಕೇಳಿಬಿಡಿ.

ಪ್ರಶ್ನೆ ಕೇಳಿದವರು:

ತೆರಿಗೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಹಣ ಹಿರಿಯ ಮಗನ ಖಾತೆಗೆ ಹೋಗುತ್ತಿದೆ. ಮೂರು ತಿಂಗಳಿಗೆ ಅವರು ಫೋನಿನಲ್ಲಿ ಒಪ್ಪಿದ್ದಾರೆ. ಎಂಟನೇ ಅಡ್ಡರಸ್ತೆಯ ಮಾರುಕಟ್ಟೆಯನ್ನೂ ಕಾಡು ಮಲ್ಲೇಶ್ವರ ದೇವಸ್ಥಾನವನ್ನೂ ಬಿಟ್ಟು ದೂರ ಹೋಗಲು ತಾಯಿಗೆ ಮನಸ್ಸಿಲ್ಲ, ಅದಿರಲಿ. ಪತ್ರಕ್ಕೆ ಹಿರಿಯ ಮಗನೊಬ್ಬರ ಸಹಿ ಸಾಕೇ?

ಮೊದಲು ಉತ್ತರಿಸಿದವರು:

ಇಬ್ಬರೂ ವಾರಸುದಾರರಾದ್ದರಿಂದ ಇಬ್ಬರ ಸಹಿಯನ್ನೂ ಪಡೆಯಿರಿ. ಫೋನಿನ ಮಾತನ್ನು ನಂಬಿ ಸಾಮಾನು ಸಾಗಿಸಬೇಡಿ.